ಹೆಗಲೋ, ಮುಂಗಾಲೋ

ಶಿಲ್ಲಾಂಗ್
೬ ನವೆಂಬರ್ ೨೦೨೩

ಅಕ್ಕಾ,

ನಾನೂ ಇಬಾನಳೂ ಆರಾಮ ಇದ್ದೇವೆ. ಇಲ್ಲಿ ಚಳಿ ಶುರುವಾಗಿದೆ. ಫೋನು ಮಾಡಿದಾಗಲೆಲ್ಲ ನೀನು ‘ಆಮ್ಯಾಲ ಮಾತಾಡೂಣು’ ಅಂದು ಇಟ್ಟುಬಿಡುತ್ತೀ. ಅದಕ್ಕೆ ಕಾಗದ ಹಿಡಿದಿದ್ದೇನೆ.

ಜನವರಿ ಕೊನೆಗೆ ನನ್ನ ನೌಕರಿ ಮುಗಿಯುತ್ತದೆ. ಇಷ್ಟು ವರ್ಷ ಫೌಜಿನ ಮೆಸ್ಸಿನಲ್ಲಿ ಯಾರ‍್ಯಾರದೋ ಊರಿನವರಿಗೆ ಬಡಿಸಿದೆ, ಇನ್ನು ನನ್ನ ಊರಿನವರಿಗೆ ಬಡಿಸಬೇಕು ಅಂತ ಆಸೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಗೆ ಒಂದು ತಗಡಿನ ಶೆಡ್ಡು ಸಿಕ್ಕರೆ ಸಾಕು. ಹೊಗೆಯಲ್ಲಿ ಬೆಂದ ಹಂದಿ ಮಾಂಸ, ಜೋಳದ ರೊಟ್ಟಿ, ಖಾರದ ಹಿಂಡಿ, ಉಳ್ಳಾಗಡ್ಡಿ. ಇಷ್ಟೇ. ಇದನ್ನು ಇಲ್ಲಿ ಪುಲ್ಡ್ ಪೋರ್ಕ್ ಅನ್ನುತ್ತಾರೆ. ಸಣ್ಣ ಶಾಖದ ಹೊಗೆಯಲ್ಲಿ ದಿನವಿಡೀ ಇಟ್ಟು, ಕೊನೆಗೆ ಕೈಯಿಂದ ಎಳೆ ಎಳೆಯಾಗಿ ಬಿಡಿಸುವುದು.

ಹಂದಿಯ ಹೆಗಲಿನಲ್ಲಿ ಎರಡು ಭಾಗ. ಮೇಲಿನದು ಕುತ್ತಿಗೆಯ ಪಕ್ಕದ್ದು. ಅದರಲ್ಲಿ ಒಂದು ಅಗಲವಾದ ಎಲುಬು, ಮಾಂಸದ ನಡುನಡುವೆ ಕೊಬ್ಬಿನ ಗೆರೆ. ಕೆಳಗಿನದು ಮುಂಗಾಲಿನ ಕಡೆಯದು. ತೊಗಲು, ನರ ಜಾಸ್ತಿ, ಕೊಬ್ಬು ಕಡಿಮೆ. ಇಲ್ಲಿಯ ಹಂದಿಯಾದರೆ ಎರಡೂ ನಡೆಯುತ್ತವೆ. ನಮ್ಮ ಕಡೆಯ ಕರಿಹಂದಿ ಬಯಲಲ್ಲಿ ತಿರುಗಾಡಿ ಬೆಳೆದದ್ದು, ಅದರಲ್ಲಿ ಯಾವುದು ಚೆನ್ನಾಗಿ ಎಳೆ ಬಿಡುತ್ತದೋ ಗೊತ್ತಾಗಬೇಕು. ನಿನ್ನ ಮನೆಯಲ್ಲಿ ಒಮ್ಮೆ ಅದು, ಒಮ್ಮೆ ಇದು ಮಾಡಿ ನೋಡಿ ಬರೆಯುತ್ತೀಯಾ? ಶೆಡ್ಡು ಸಿಗುವ ತನಕ ನಾವು ಗಂಡ ಹೆಂಡತಿ ಇಬ್ಬರೂ ನಿನ್ನ ಮನೆಯಲ್ಲೇ ಇರುವವರು.

ಇಬಾನಳ ಅಣ್ಣ ಇಲ್ಲೇ ಇರಿ, ನನ್ನ ಅಂಗಡಿ ನೋಡಿಕೊಳ್ಳಿ ಅಂತ ಒಂದೇ ಸಮನೆ ಗಂಟುಬಿದ್ದಿದ್ದಾನೆ. ನಿನ್ನ ಕಾಗದ ನೋಡಿ ಅವನಿಗೆ ಉತ್ತರ ಹೇಳುತ್ತೇನೆ.

ನಿನ್ನ
ಅಂಬ್ರ್ಯಾ


ಶಹಾಪುರ
೧೯ ನವೆಂಬರ್ ೨೦೨೩

ಪ್ರೀತಿಯ ಅಂಬ್ರಪ್ಪ,

ನಿನ್ನ ಕಾಗದ ಕಾಲೇಜಿನ ವಿಳಾಸಕ್ಕೆ ಬಂತು. ಸ್ಟಾಫ್ ರೂಮಿನಲ್ಲಿ ಒಡೆಯಲಿಲ್ಲ, ಮನೆಗೆ ತಂದು ಓದಿದೆ. ಫೋನಿನ ಬಗ್ಗೆ ತಪ್ಪು ತಿಳಿಯಬೇಡ. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಗ್ಯಾಲರಿಯಲ್ಲಿ ಮಾತ್ರ, ಅಲ್ಲಿ ಆಡಿದ ಮಾತು ಮೆಟ್ಟಿಲಿಳಿದು ಕೆಳಗಿನವರ ಪಡಸಾಲೆಗೆ ಹೋಗಿ ಕೂರುತ್ತದೆ.

ಕೆಳಗಿನವರೆಂದರೆ ಮನೆ ಒಡತಿ ಪಾರ್ವತಿಬಾಯಿ. ಬೆಳಗಿನ ಪೂಜೆ ಮುಗಿಯುವ ತನಕ ಬಾಯಲ್ಲಿ ನೀರು ಹಾಕದ ಹೆಂಗಸು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ನಾನು ಪದ್ಯ ಪಾಠ ಮಾಡುವವಳು, ಒಬ್ಬಳೇ ಇರುವವಳು, ಗದ್ದಲವಿಲ್ಲದವಳು ಎಂದು ಅವರಿಗೆ ನನ್ನ ಮೇಲೆ ಬಹಳ ಗೌರವ.

ನೀನು ಹೇಳಿದ್ದಕ್ಕೆ ಸುರಪುರಕ್ಕೆ ಹೋಗಿ ಬಂದೆ. ಅಲ್ಲಿ ಬೀರಣ್ಣ ಎಂಬವನು ಭಾನುವಾರ ಹಂದಿ ಕೊಯ್ಯುತ್ತಾನೆ. ನಿನ್ನನ್ನು ಕೆಲವು ಪ್ರಶ್ನೆ ಕೇಳಬೇಕು. ಮೇಲಿನ ಭಾಗವನ್ನು ಎಲುಬಿಲ್ಲದೆ, ತೊಗಲಿಲ್ಲದೆ ಬೇಯಿಸಬಹುದೇ? ಎಳೆ ಬಿಡಿಸಿದ ಮೇಲೆ ಅದು ನೋಡಲು ಹೇಗಿರುತ್ತದೆ? ಅದು ಯಾವ ಪ್ರಾಣಿಯದೆಂದು ನೋಡಿದವರಿಗೆ ತಿಳಿಯುತ್ತದೆಯೇ? ಇವನ್ನೇ ಬೀರಣ್ಣನಿಗೂ ಕೇಳಿದ್ದಕ್ಕೆ ಅವನು ಕತ್ತಿಯನ್ನು ಮಣೆಗೆ ಒರಗಿಸಿ ನಕ್ಕ. “ಎಲುಬು ಬ್ಯಾಡ, ತೊಗಲು ಬ್ಯಾಡ. ಏನ್ ಮೇಡಂ, ಹಂದಿ ತಗೊಂಡ್ಹೋಗಿ ಬದನಿಕಾಯಿ ಅಂತ ತಿನ್ನಾವ್ರೇನು?” ಅಂದ. ಉಳಿದ ಗಿರಾಕಿಗಳೂ ನಕ್ಕರು. ನಾನೂ ನಗಬೇಕಾಯಿತು.

ಮನೆಯ ವಿಷಯ: ಇದು ಎರಡೇ ಕೋಣೆ. ಫೆಬ್ರವರಿ ದಾಟಿದರೆ ಇಲ್ಲಿಯ ಬಿಸಿಲು ಇಬಾನಳಿಗೆ ತಡೆಯಲಿಕ್ಕಿಲ್ಲ. ಯೋಚಿಸಿ ಬರೆಯುತ್ತೇನೆ.

ನಿನ್ನ ಅಕ್ಕ
ಮೌನೇಶ್ವರಿ


ಶಿಲ್ಲಾಂಗ್
೩೦ ನವೆಂಬರ್ ೨೦೨೩

ಅಕ್ಕಾ,

ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ನೀನು ಆಗಲೇ ಗಿರಾಕಿಯ ಹಾಗೆ ಯೋಚನೆ ಮಾಡುತ್ತಿದ್ದೀ. ತಾಟಿನಲ್ಲಿ ಹೇಗೆ ಕಾಣುತ್ತದೆ ಎಂದು ಮೊದಲು ಕೇಳುವವರೇ ಹೋಟೆಲು ನಡೆಸಬಲ್ಲವರು.

ಎಲುಬು ತೆಗೆಸಬೇಡ. ಮಾಂಸ ಬೆಂದಿತೋ ಇಲ್ಲವೋ ಹೇಳುವುದೇ ಎಲುಬು. ಬೆಂದಾಗ ಅದನ್ನು ಹಿಡಿದು ಎಳೆದರೆ ಬೆಣ್ಣೆಯಿಂದ ಚಮಚ ಬಂದ ಹಾಗೆ ಬರುತ್ತದೆ. ಬರಲಿಲ್ಲವೆಂದರೆ ಇನ್ನೂ ಇಡಬೇಕು. ಮೇಲಿನ ಭಾಗಕ್ಕೆ ತೊಗಲು ತೆಗೆಸಿದರೆ ಚಿಂತೆಯಿಲ್ಲ, ಒಳಗಿನ ಕೊಬ್ಬು ಕಾಯುತ್ತದೆ. ಮುಂಗಾಲಿಗೆ ಮಾತ್ರ ತೊಗಲು ಇರಲೇಬೇಕು, ಇಲ್ಲದಿದ್ದರೆ ಮಾಂಸ ಒಣಗಿ ಹಗ್ಗವಾಗುತ್ತದೆ. ಎಳೆ ಬಿಡಿಸಿದ ಮೇಲೆ ನೋಡಲು ಕಂದು ಬಣ್ಣ, ಒದ್ದೆ ನಾರಿನ ಹಾಗೆ. ತಿಂದವರಿಗೆ ಗೊತ್ತಾಗುತ್ತದೆ, ನೋಡಿದವರಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ನಮ್ಮ ಶೆಡ್ಡಿನ ಮೇಲೆ ಬೋರ್ಡೇ ಇರುತ್ತದಲ್ಲ, ಬಂದವರು ಯಾಕೆ ಕೇಳುತ್ತಾರೆ?

ಒಂದು ಹಳೆಯ ಎಣ್ಣೆ ಡಬ್ಬಿ ತೊಗೊ. ಕೆಳಗೆ ಕೆಂಡದ ಸಿಗಡಿ ಇಡು, ಮೇಲೆ ಜಾಳಿಗೆ, ಅದರ ಮೇಲೆ ಮಾಂಸ. ಕೆಂಡ ಉರಿಯಬಾರದು, ಉಸಿರಾಡುತ್ತಿರಬೇಕು. ಕಕ್ಕೇರಾದಲ್ಲಿ ಅಪ್ಪ ಒಲೆಯ ಮೇಲೆ ಮುಂಗಾಲು ತೂಗಹಾಕಿ, ಹೋಗುತ್ತ ಬರುತ್ತ ಅದಕ್ಕೊಂದು ಏಟು ಕೊಟ್ಟು, “ಏನಪಾ, ಇನ್ನೂ ಎಷ್ಟೊತ್ತು?” ಅಂತ ಅದನ್ನೇ ಕೇಳುತ್ತಿದ್ದನಲ್ಲ, ನೆನಪಿದೆಯಾ? ನೀನು ಅದರ ಕೆಳಗೆ ಕೂತು ಪುಸ್ತಕ ಓದುತ್ತಿದ್ದೆ. ನಿನ್ನ ಪುಸ್ತಕಗಳೆಲ್ಲ ಅದೇ ವಾಸನೆ ಹೊಡೆಯುತ್ತಿದ್ದವು.

ಇಬಾನಳಿಗೆ ಬಿಸಿಲಿನ ಹೆದರಿಕೆ ಇಲ್ಲವಂತೆ. ಎರಡು ಕೋಣೆ ಬಹಳವಾಯಿತು ಅನ್ನುತ್ತಾಳೆ.

ನಿನ್ನ
ಅಂಬ್ರ್ಯಾ


ಶಹಾಪುರ
೧೩ ಡಿಸೆಂಬರ್ ೨೦೨೩

ಪ್ರೀತಿಯ ಅಂಬ್ರಪ್ಪ,

ಮಾಡಿದೆ. ಮೇಲಿನ ಹೆಗಲು, ಎಲುಬಿನ ಸಮೇತ, ತೊಗಲು ತೆಗೆಸಿ. ಸುರಪುರದಿಂದ ತರುವಾಗ ಸ್ಟೀಲ್ ಡಬ್ಬಿಯಲ್ಲಿಟ್ಟು, ಅದನ್ನು ಉತ್ತರಪತ್ರಿಕೆಗಳ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಹೆಂಗಸು “ಇಷ್ಟು ಪೇಪರ್ ತಿದ್ದಬೇಕಾ ಮೇಡಂ, ಪಾಪ” ಅಂದಳು.

ಮಾಳಿಗೆಯ ಮೇಲೆ, ನೀರಿನ ಟಾಕಿಯ ಮರೆಯಲ್ಲಿ ಡಬ್ಬಿ ಹೂಡಿದೆ. ಬೆಳಿಗ್ಗೆ ಪಾರ್ವತಿಬಾಯಿಯವರ ಪೂಜೆ ಮುಗಿದ ಮೇಲೆ ಶುರು ಮಾಡಿದವಳು ಹೊತ್ತು ಮುಳುಗುವ ತನಕ ಅಲ್ಲೇ ಕೂತೆ. ಎಷ್ಟು ನಿಧಾನದ ಅಡುಗೆ ಇದು! ತಿರುವಬೇಕಿಲ್ಲ, ಕಲಸಬೇಕಿಲ್ಲ, ಕೂತಿರಬೇಕು ಅಷ್ಟೆ. ಒಂದು ಕವಿತೆಯ ಪುಸ್ತಕ ಒಯ್ದಿದ್ದೆ. ಓದಿದ್ದಕ್ಕಿಂತ ಮೆಟ್ಟಿಲಿನ ಸದ್ದು ಕೇಳಿದ್ದೇ ಹೆಚ್ಚು. ಯಾರೂ ಬರಲಿಲ್ಲ.

ಎಲುಬು ನೀನು ಹೇಳಿದ ಹಾಗೆಯೇ ಬಂತು. ಮಾಂಸ ಎಳೆ ಎಳೆಯಾಗಿ ಬಿಟ್ಟಿತು. ಆದರೆ ಬಾಯಿಗಿಟ್ಟರೆ ಕಹಿ. ಅಂಥಿಂಥ ಕಹಿಯಲ್ಲ, ಗಂಟಲ ತನಕ. ಚೆಲ್ಲಲು ಮನಸ್ಸು ಬರಲಿಲ್ಲ. ಬೆಲ್ಲ ನಂಜಿಕೊಂಡು ದಿನಾ ಸ್ವಲ್ಪ ಸ್ವಲ್ಪ ತಿಂದು ಮುಗಿಸಿದೆ. ಎಲ್ಲಿ ತಪ್ಪಿತೋ ತಿಳಿಯದು. ಈ ಹಂದಿಗೆ ಈ ಭಾಗ ಒಗ್ಗುವುದಿಲ್ಲವೋ ಏನೋ. ಒಂದು ಲಾಭವೆಂದರೆ, ಕಾಲುವೆಯ ನೀರು ಬಂದಾಗಿನಿಂದ ಮುತ್ತುತ್ತಿದ್ದ ಸೊಳ್ಳೆಗಳಲ್ಲಿ ಒಂದೂ ಅವತ್ತು ಮಾಳಿಗೆಯ ಕಡೆ ಸುಳಿಯಲಿಲ್ಲ.

ಶೆಡ್ಡಿನ ಬಗ್ಗೆ ಇನ್ನೂ ಯಾರನ್ನೂ ವಿಚಾರಿಸಿಲ್ಲ. ಪರೀಕ್ಷೆಯ ಕೆಲಸ.

ನಿನ್ನ ಅಕ್ಕ
ಮೌನೇಶ್ವರಿ


ಶಿಲ್ಲಾಂಗ್
೨೩ ಡಿಸೆಂಬರ್ ೨೦೨೩

ಅಕ್ಕಾ,

ಕಹಿಯಾಯಿತೆಂದು ಓದಿ ತಲೆ ಕೆರೆದುಕೊಂಡು ಕೂತಿದ್ದೇನೆ. ಡಬ್ಬಿ ಸರಿಯಾಗಿ ಸುಟ್ಟು ತೊಳೆದಿದ್ದೆಯಾ? ಹೊಗೆ ಬಿಳಿಯಾಗಿ ದಟ್ಟವಾಗಿ ಬರುತ್ತಿತ್ತೇ? ಹಾಗೆ ಬಂದರೆ ಮಸಿ ಕೂತು ಸ್ವಲ್ಪ ಕಹಿ ಬರುತ್ತದೆ. ಹೊಗೆ ತೆಳ್ಳಗೆ, ಕಂಡೂ ಕಾಣದ ಹಾಗೆ ಇರಬೇಕು. ಕಟ್ಟಿಗೆ ಹಸಿಯಿತ್ತೇ? ಯಾವ ಕಟ್ಟಿಗೆ ಅಂತ ನೀನು ಬರೆದೇ ಇಲ್ಲ. ಹೆಗಲಿನ ತಪ್ಪಂತೂ ಅಲ್ಲ. ಆ ಭಾಗ ಯಾವ ಹಂದಿಯಲ್ಲೂ ಕೈ ಕೊಡುವುದಿಲ್ಲ.

೨೪ ಡಿಸೆಂಬರ್

ನಿನ್ನೆ ಇಷ್ಟು ಬರೆದು ಇಟ್ಟಿದ್ದೆ. ಇವತ್ತು ನಿನ್ನ ಕಾಗದ ಇನ್ನೊಮ್ಮೆ ಓದಿದೆ. ಸೊಳ್ಳೆಯ ಮಾತು ಕಣ್ಣಿಗೆ ಬಿತ್ತು.

ಬೇವು ಹಾಕಿದ್ದೀ.

ಒಲೆಗೆ ಬೇವು ಹಾಕಬಾರದೆಂದು ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿತ್ತು. ನಿನಗೆ ಗೊತ್ತಿಲ್ಲದೆ ಹಾಕಿದ್ದಲ್ಲ. ಬೇವಿನ ಹೊಗೆ ಎದ್ದರೆ ಸೊಳ್ಳೆಗೆ ಹಾಕಿದ್ದಾರೆ ಅಂತ ಜನ ಸುಮ್ಮನಾಗುತ್ತಾರೆ, ಯಾರೂ ಏನು ಎಂದು ಕೇಳುವುದಿಲ್ಲ. ಎಲುಬು ಬೇಡ, ತೊಗಲು ಬೇಡ ಅಂದದ್ದು, ಯಾವ ಪ್ರಾಣಿ ಅಂತ ತಿಳಿಯುತ್ತದಾ ಅಂತ ಕೇಳಿದ್ದು, ಮನೆ ಸಣ್ಣದು ಅಂದದ್ದು, ಎಲ್ಲ ಈಗ ಸಾಲಾಗಿ ನಿಂತಿವೆ. ನಾನು ಅದನ್ನು ಹೋಟೆಲಿನ ಯೋಚನೆ ಅಂದುಕೊಂಡಿದ್ದೆ.

ಇನ್ನು ಮಾಡಿ ನೋಡುವುದು ಬೇಡ. ಶೆಡ್ಡೂ ವಿಚಾರಿಸಬೇಡ.

ಅಂಬ್ರಪ್ಪ


ಶಹಾಪುರ
೩ ಜನವರಿ ೨೦೨೪

ಅಂಬ್ರಪ್ಪ,

ನೀನು ಫೋನು ಎತ್ತುತ್ತಿಲ್ಲ. ಹೌದು, ಬೇವು.

ಯಾದಗಿರಿಯ ಮನೆ ಬಿಟ್ಟಾಗ ನೀರಿನ ತೊಂದರೆ ಅಂತ ನಿನಗೆ ಹೇಳಿದ್ದೆ. ನೀರು ಅಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಅವ್ವ ಇದ್ದಾಗ ಕಕ್ಕೇರಾದಿಂದ ಯಾರದೋ ಕೈಯಲ್ಲಿ ಡಬ್ಬಿ ಕಳಿಸಿದ್ದಳು. ನಾನು ಕಾಲೇಜಿನಲ್ಲಿದ್ದೆ, ಡಬ್ಬಿ ಮನೆ ಮಾಲೀಕರ ಕೈಗೆ ಹೋಯಿತು, ಅವರು ಮುಚ್ಚಳ ತೆಗೆದು ನೋಡಿದರು. ಸಂಜೆ ಬಂದಾಗ ಡಬ್ಬಿ ಬಾಗಿಲ ಹೊರಗೆ ನೆಲದ ಮೇಲಿತ್ತು. ಜಗಳವಾಡಲಿಲ್ಲ ಅವರು. “ಮಗಳ ಲಗ್ನ ಅದ ಮೇಡಂ, ಮನಿ ನಮಗ ಬೇಕಾಗ್ಯದ” ಅಂದರು. ಅವರಿಗೆ ಇದ್ದವರು ಇಬ್ಬರು ಗಂಡುಮಕ್ಕಳು. ಮಗಳೇ ಇರಲಿಲ್ಲ.

ಶಹಾಪುರಕ್ಕೆ ಬಂದಮೇಲೆ ನೀವು ಏನು ತಿನ್ನುತ್ತೀರಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಪದ್ಯ ಓದುವವಳು ಮಾಂಸ ತಿನ್ನುವವಳಿರಲಿಕ್ಕಿಲ್ಲ ಎಂದು ತಾವೇ ತೀರ್ಮಾನಿಸಿಕೊಂಡರು. ನಾನು ತಿದ್ದಲಿಲ್ಲ. ತಿದ್ದದೇ ಇದ್ದದ್ದರಿಂದ ಒಂದು ಒಳ್ಳೆಯ ಮನೆ, ಒಳ್ಳೆಯ ನೆರೆ ಸಿಕ್ಕಿತು. ನೀವಿಬ್ಬರೂ ಬಂದರೆ ಅದು ಹೋಗುತ್ತದೆಂದು ಹೆದರಿದೆ. ನಿನ್ನ ಬಗ್ಗೆ ನಾಚಿಕೆಯಿಂದಲ್ಲ. ಇದನ್ನು ನೀನು ನಂಬಬೇಕೆಂದು ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಅಕ್ಕ


ಶಹಾಪುರ
೧೪ ಜನವರಿ ೨೦೨೪

ಅಂಬ್ರಪ್ಪ,

ನಿನ್ನ ಕಾಗದ ಬರಲಿಲ್ಲ. ಬರದಿದ್ದರೂ ಇದನ್ನು ನಿನಗೇ ಹೇಳಬೇಕು, ಬೇರೆ ಯಾರಿಗೆ ಹೇಳಲಿ?

ಇವತ್ತು ರಜೆ. ಪಾರ್ವತಿಬಾಯಿ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಸಂಕ್ರಾಂತಿಗೆಂದು ಹೆಚ್ಚಿನ ರೊಟ್ಟಿ ಹೇಳಿದ್ದಾರಂತೆ. ಎಳ್ಳು ಹಚ್ಚಿದ ರೊಟ್ಟಿಗಳು ಬುಟ್ಟಿಯಲ್ಲಿ ಏರುತ್ತಿದ್ದವು. ನಾನು ಕೊನೆಯ ಮೆಟ್ಟಿಲ ಮೇಲೆ ಕೂತೆ. ಏನು ಹೇಳಬೇಕೆಂದು ಕೋಣೆಯಲ್ಲಿ ಎಷ್ಟೋ ಸಲ ಜೋಡಿಸಿಕೊಂಡು ಬಂದಿದ್ದೆ. ಕೂತಮೇಲೆ ಒಂದೂ ನೆನಪಾಗಲಿಲ್ಲ.

“ಪಾರ್ವತಕ್ಕ, ಅವತ್ತು ಮಾಳಿಗಿ ಮ್ಯಾಲ ಹೊಗಿ ಹಾಕಿದ್ನಲ್ರಿ,” ಅಂದೆ.

“ಹೂಂ, ನೋಡೇನ್ರಿ,” ಅಂದರು. ಕೈ ನಿಲ್ಲಿಸಲಿಲ್ಲ. “ಸೊಳ್ಳಿಗಿ ಹಾಕೋ ಹೊಗಿ ಸಂಜಿಗಿ ಹಾಕ್ತಾರ. ನೀವು ಮುಂಜಾನಿಂದ ಹೊತ್ತು ಮುಣುಗೂ ಮಟ ಹಾಕಿದ್ರಿ. ಮೇಡಂ ತಾವು ಬರದ ಕವಿತಾ ಎಲ್ಲಾ ಸುಡಾಕತ್ಯಾರ ಅಂತ ತಿಳಕೊಂಡೆ ನಾ. ಎಷ್ಟ್ ಬರದಿದ್ರೋ ಏನೋ, ಮುಗೀಲೇ ಇಲ್ಲ. ದುಃಖದಾಗ ಇರ್ತೀರಿ ಅಂತ ಮ್ಯಾಲ ಬರ್ಲಿಲ್ಲ.”

ನಾನು ಒಂದು ಸಾಲನ್ನೂ ಬರೆದವಳಲ್ಲ ಎಂದು ನಿನಗೆ ಗೊತ್ತಲ್ಲ.

“ಕವಿತಾ ಅಲ್ರಿ,” ಅಂದೆ. “ಹಂದಿ ಹೆಗಲು.”

ಹಂಚಿನ ಮೇಲಿದ್ದ ರೊಟ್ಟಿ ಉಬ್ಬಿ, ಕಪ್ಪಾಗಿ, ಹೊಗೆಯಾಡಿತು. ಅವರು ಅದನ್ನು ಎತ್ತಿ ಪಕ್ಕಕ್ಕೆ ಒಗೆದರು. ಇನ್ನೊಂದು ಬಡಿಯಲು ಹಿಟ್ಟು ತೆಗೆದುಕೊಂಡರು, ಬಡಿಯಲಿಲ್ಲ. ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ನಮ್ಮ ಮನೆಯ ಊಟ ಇಂಥದು, ತಮ್ಮ ಫೌಜಿನಲ್ಲಿ ಇದನ್ನೇ ಬೇಯಿಸುವವನು, ಅವನ ಹೆಂಡತಿ ದೂರದ ಗುಡ್ಡದ ಸೀಮೆಯವಳು, ಇಬ್ಬರೂ ಬಂದು ನನ್ನ ಜೊತೆ ಇರಬೇಕೆಂದಿದ್ದಾರೆ, ಸುರಪುರದ ರಸ್ತೆಗೆ ಹೋಟೆಲು ಹಾಕುವವರಿದ್ದಾರೆ.

ಅವರು ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟು, “ಆ ಮಾಳಿಗಿ ಕೆಳಗ ದೇವರ ಕ್ವಾಣಿ ಅದ,” ಅಂದರು.

“ಗೊತ್ತದ್ರಿ. ಅದಕ್ಕೇ ಹೇಳಾಕ ಬಂದೆ. ಮನಿ ಬಿಡು ಅಂದ್ರ ಬಿಡ್ತೀನಿ.”

“ಮನಿ ಬಿಡ್ರಿ ಅಂದೆನಾ? ಮಾಳಿಗಿ ಬಿಡ್ರಿ ಅಂತೀನಿ. ಹಿತ್ತಲದಾಗ ಬಾವಿ ಆಚಿಗಿ ಜಾಗಾ ಅದ, ಅಲ್ಲಿ ಹಾಕ್ಕೋರಿ. ಬೇವು ಹಾಕಬ್ಯಾಡ್ರಿ ಮತ್ತ. ತಿನ್ನೂದರ ಮ್ಯಾಲ ಬೇವಿನ ಹೊಗಿ ಬಿಡ್ತಾರೇನು? ಇಷ್ಟು ಓದೀರಿ.”

ತಮ್ಮಾ, ನಾನು ನಕ್ಕೆನೋ ಅತ್ತೆನೋ ಹೇಳಲಾರೆ. ಅವರು ಮತ್ತೆ ಬಡಿಯಲು ಶುರು ಮಾಡಿದರು. ಒಂದು ರೊಟ್ಟಿ ಮುಗಿದ ಮೇಲೆ, “ನಿಮ್ಮ ತಮ್ಮ ರೊಟ್ಟಿ ಎಲ್ಲಿಂದ ತರಸಾವ?” ಅಂದರು. ಇನ್ನೂ ಯೋಚಿಸಿಲ್ಲ ಅಂದೆ. “ಹೆಣ್ತಿಗಿ ರೊಟ್ಟಿ ಬಡ್ಯಾಕ ಬರ್ತದ?” ಅಂದರು. ಬರುವುದಿಲ್ಲ ಅಂದೆ. “ಹಂಗಾರ ನಾ ಕೊಡ್ತೀನಿ. ಬುಟ್ಟಿ ಮಾತ್ರ ಹೊಳ್ಳಿ ನಮ್ಮನಿಗಿ ಕಳಸಬ್ಯಾಡ್ರಿ. ಅಲ್ಲೇ ಇರ್ಲಿ ಅದು.”

ಆ ಬುಟ್ಟಿಯ ಮಾತು ಚುಚ್ಚಿತು, ಚುಚ್ಚಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಯಾದಗಿರಿಯಲ್ಲಿ ನನ್ನ ಡಬ್ಬಿ ಹೊರಗಿಟ್ಟವರು ಇಲ್ಲದ ಮಗಳ ಲಗ್ನ ಮಾಡಿದರು. ಇವರು ತಮಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮುಖ ನೋಡಿ ಹೇಳಿದರು. ಅದರ ಜೊತೆ ಬದುಕಬಹುದು ಅನ್ನಿಸಿತು. ಮೆಟ್ಟಿಲು ಹತ್ತುವಾಗ, ಎಷ್ಟೋ ದಿನದಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಆ ಉತ್ತರಪತ್ರಿಕೆಗಳ ಚೀಲವನ್ನು ಯಾರೋ ಇಳಿಸಿಕೊಂಡ ಹಾಗಿತ್ತು.

ಗ್ಯಾಲರಿಗೆ ಬಂದು ನಿನಗೆ ಫೋನು ಮಾಡಿದೆ. ನೀನು ಎತ್ತಲಿಲ್ಲ. ಚಿಂತೆಯಿಲ್ಲ. ಎತ್ತಿದ್ದರೆ ಈ ಸಲ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದೆ.

ನಿನ್ನ ಅಕ್ಕ
ಮೌನೇಶ್ವರಿ


ಶಿಲ್ಲಾಂಗ್
೨೪ ಜನವರಿ ೨೦೨೪

ಅಕ್ಕಾ,

ನಿನ್ನ ಎರಡೂ ಕಾಗದ ಇವತ್ತೇ ಒಟ್ಟಿಗೆ ಕೈಸೇರಿದವು. ನಾವು ಇಬಾನಳ ಊರಿನಲ್ಲಿದ್ದೆವು. ಅಲ್ಲಿ ಫೋನು ಹಿಡಿಯುವುದಿಲ್ಲ. ಹಿಡಿದಿದ್ದರೂ ಎತ್ತುತ್ತಿರಲಿಲ್ಲವೇನೋ.

ಬೇವಿನ ವಿಷಯ ತಿಳಿದ ಮೇಲೆ ಅವಳ ಅಣ್ಣನಿಗೆ ಇಲ್ಲೇ ಇರುತ್ತೇವೆ ಅಂತ ಹೇಳಿಬಿಟ್ಟಿದ್ದೆ. ಎರಡು ದಿನ ಬಿಟ್ಟು ಇಬಾನ್, ‘ನಿಮ್ಮ ಅಕ್ಕ ಆ ಕಹಿ ಮಾಂಸ ಏನು ಮಾಡಿದಳು’ ಅಂತ ಕೇಳಿದಳು. ಬೆಲ್ಲ ನಂಜಿಕೊಂಡು ಪೂರ್ತಿ ತಿಂದಳಂತೆ ಅಂದೆ. “ನಿಮ್ಮ ಮೇಲೆ ನಾಚಿಕೆ ಇದ್ದವಳು ಅದನ್ನು ನಾಯಿಗೆ ಹಾಕುತ್ತಿದ್ದಳು,” ಅಂದಳು. ಮರುದಿನ ಅವಳೇ ಹೋಗಿ ಅಣ್ಣನಿಗೆ ಅಂಗಡಿ ಬೇಡವೆಂದು ಹೇಳಿ ಬಂದಳು. ಅಂದರೆ ನಿನ್ನ ಕಾಗದ ಕೈಸೇರುವ ಮೊದಲೇ ನಾವು ಹೊರಟಾಗಿತ್ತು. ಎಲ್ಲಿ ಇಳಿಯುವುದು ಎಂಬುದೊಂದೇ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಹೆಗಲೋ ಮುಂಗಾಲೋ ಗೊತ್ತಿರುವುದಿಲ್ಲವಾ ಅಕ್ಕಾ? ನಮ್ಮ ಕಡೆಯ ಬಡಕಲು ಹಂದಿಗೆ ಮೇಲಿನ ಹೆಗಲೇ. ಅದರಲ್ಲಿ ಕೇಳುವುದೇನೂ ಇರಲಿಲ್ಲ. ಬರಲಾ ಅಂತ ಕೇಳಿದ್ದರೆ ನೀನು ಬಾ ಅನ್ನುತ್ತಿದ್ದೆ. ತಮ್ಮನಿಗೆ ಯಾರು ಬೇಡ ಅನ್ನುತ್ತಾರೆ? ನಾನು ಬೇಯಿಸುವುದರ ಹೊಗೆ ನಿನ್ನ ಮನೆಯಲ್ಲಿ ಏಳುತ್ತದೋ ಇಲ್ಲವೋ ನೋಡಬೇಕಿತ್ತು. ಎದ್ದದ್ದು ಬೇವಿನ ಹೊಗೆ. ಅದಕ್ಕೆ ಅಷ್ಟು ಸಿಟ್ಟು ಬಂತು.

ಈಗ ಸಿಟ್ಟಿಲ್ಲ. ನೀನು ಕವಿತೆ ಸುಟ್ಟದ್ದನ್ನು ಇಬಾನಳಿಗೆ ಹಿಂದಿಯಲ್ಲಿ ಹೇಳಿದೆ. ನಕ್ಕು ನಕ್ಕು ಅವಳು ಹಿಡಿದಿದ್ದ ಚಹಾ ಚೆಲ್ಲಿತು. ಪಾರ್ವತಿಬಾಯಿಯವರಿಗೆ ಹೇಳು, ಬುಟ್ಟಿ ನಾವೇ ಕೊಳ್ಳುತ್ತೇವೆ, ಅವರ ಮನೆಯ ಬುಟ್ಟಿ ಮನೆ ಬಿಟ್ಟು ಬರುವುದು ಬೇಡ.

ಫೆಬ್ರವರಿ ಹದಿನೆಂಟು, ಭಾನುವಾರ, ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಯುತ್ತೇವೆ. ಅಲ್ಲಿಂದ ಬಸ್ಸು ಹಿಡಿದು ಬರುತ್ತೇವೆ.

ನಿನ್ನ
ಅಂಬ್ರ್ಯಾ


ಶಹಾಪುರ
೪ ಫೆಬ್ರವರಿ ೨೦೨೪

ಪ್ರೀತಿಯ ಅಂಬ್ರ್ಯಾ,

ಇವತ್ತು ಸುರಪುರಕ್ಕೆ ಹೋಗಿ ಬೀರಣ್ಣನಿಗೆ ಹೇಳಿ ಬಂದೆ. ನೀವು ಬರುವ ದಿನ ಬೆಳಿಗ್ಗೆಯೇ ಬೇಕು, ನಸುಕಿನಲ್ಲೇ ಮೊದಲ ಬಸ್ಸಿಗೆ ಬರುತ್ತೇನೆ ಅಂದೆ.

“ಹೆಗಲೇನ್ರಿ, ಮುಂಗಾಲೇನ್ರಿ?” ಅಂದ.

“ಎರಡೂ. ಬ್ಯಾರೆ ಮಾಡಬ್ಯಾಡ, ಇಡೀದು ಹಂಗೇ ಇರ್ಲಿ.”

“ತೊಗಲು ತಗೀಲಿ?”

“ಇರ್ಲಿ.”

“ಎಲುಬು?”

“ಅದೂ ಇರ್ಲಿ.”

“ಹಂಗಾರ ನಂದೇನ್ ಕೆಲಸ ಮೇಡಂ? ಹಂದಿನ್ನ ಬಸ್ ಹತ್ತಿಸಿ ಕಳಸ್ತೀನಿ, ಟಿಕೀಟು ನೀವ್ ತಗೋರಿ,” ಅಂದ. ಈ ಸಲ ಎಲ್ಲರಿಗಿಂತ ಮೊದಲು ನಾನು ನಕ್ಕೆ.

ಯಾವ ಭಾಗ ಚೆನ್ನಾಗಿ ಬಿಡುತ್ತದೆಂದು ನೀನೇ ಹೇಳಿದ್ದೀ, ಒಪ್ಪಿದೆ. ಶೆಡ್ಡಿನಲ್ಲಿ ಹೆಗಲೇ ಬೇಯಲಿ. ಅವತ್ತು ಒಂದು ದಿನ ಮಾತ್ರ ಮುಂಗಾಲೂ ಇರಲಿ. ಅದಕ್ಕೆ ಒಂದು ಏಟು ಕೊಟ್ಟು, ಇನ್ನೂ ಎಷ್ಟೊತ್ತು ಅಂತ ಕೇಳಬೇಕು. ಅಪ್ಪನ ಹಾಗೆ ಕೇಳಲು ನನಗೆ ಬರುತ್ತದೋ ಇಲ್ಲವೋ, ನೀನು ಬರುವ ತನಕ ರೂಢಿ ಮಾಡಿಕೊಳ್ಳುತ್ತೇನೆ.

ಬುಟ್ಟಿಯ ಮಾತು ಪಾರ್ವತಿಬಾಯಿಯವರಿಗೆ ಮುಟ್ಟಿಸಿದೆ. “ಫೌಜಿನವ ಶಾಣ್ಯಾ ಅದಾನ,” ಅಂದರು. ಇಬಾನಳಿಗೆ ನಿನ್ನೆಯೇ ಒಂದು ಕಟ್ಟು ಎಳ್ಳಿನ ರೊಟ್ಟಿ ಎತ್ತಿಟ್ಟಿದ್ದಾರೆ. ಮೆತ್ತನೆಯ ರೊಟ್ಟಿಯಲ್ಲ, ಒಣಗಿಸಿದ ಕಟಿ ರೊಟ್ಟಿ, ನೀವು ಬರುವ ತನಕ ಕೆಡುವುದಿಲ್ಲ.

ಜಾಲಿ ಕಟ್ಟಿಗೆ ತರಿಸಿ ಬಾವಿಯ ಆಚೆ ಒಣಗಲು ಹಾಕಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಮ್ಮ ಓಣಿಯ ಬಾಯಿಗೆ ಬಂದ ಮೇಲೆ ಮೇಡಂ ಮನೆ ಯಾವುದೆಂದು ಯಾರನ್ನೂ ಕೇಳಬೇಡ. ಇಬಾನಳ ಕೈಲಿ ಚೀಲ ಕೊಟ್ಟು, ಒಂದು ಸಲ ಮೂಗೆಳೆದು ನೋಡು. ಕಕ್ಕೇರಾದ ನಮ್ಮ ಮನೆಯ ವಾಸನೆ ಎಲ್ಲಿದೆಯೋ ಅಲ್ಲಿಗೆ ಬಾ.

ನಿನ್ನ ಅಕ್ಕ
ಮೌನೇಶ್ವರಿ